ನಾಲ್ಕು ಜಿಬಿಯ ಯಂತ್ರದಲ್ಲಿ ನೂರು ವರ್ಷದ ಮಳೆ

ಕಳೆದ ಅವಧಿಯಲ್ಲಿ ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೈಗುಳ ತಿಂದದ್ದು ಒಂದು ವಾಕ್ಯ: "ಎರರ್: ಕ್ಯಾನಾಟ್ ಅಲೋಕೇಟ್ ವೆಕ್ಟರ್ ಆಫ್ ಸೈಜ್ 1.2 ಜಿಬಿ." ಅಂದರೆ 1.2 ಜಿಬಿ ಗಾತ್ರದ ಸಂಖ್ಯೆಗಳ ಸಾಲಿಗೆ ಜಾಗ ಕೊಡಲು ಆಗುತ್ತಿಲ್ಲ. ಕೆಂಪು ಅಕ್ಷರದಲ್ಲಿ ಬರುವುದರಿಂದ ಅದು ಗದರಿಸಿದಂತೆ ಕಾಣುತ್ತದೆ. ಅದನ್ನು ಓದಿದ ಮಕ್ಕಳು ಕಂಪ್ಯೂಟರ್ ಕೆಟ್ಟಿದೆ ಅಂದರು. ಕೆಲವರು ಮೌಸ್ ಬದಲಿಸಿ ನೋಡಿದರು.

ಕೆಲಸ ಇದು. ದ್ವಿತೀಯ ಪಿಯುಸಿಯ ಸಂಖ್ಯಾಶಾಸ್ತ್ರದ ಒಂದು ಗುಂಪು ಕಲಬುರಗಿಯ ನೂರು ವರ್ಷಗಳ ಮಳೆಯನ್ನು ಲೆಕ್ಕ ಹಾಕಿ ಪ್ರದರ್ಶನಕ್ಕೆ ಇಡಬೇಕೆಂದು ಹೊರಟಿತ್ತು. ಗುಂಪಿನ ಅರ್ಧಕ್ಕರ್ಧ ಮಕ್ಕಳ ಮನೆಯಲ್ಲಿ ತೊಗರಿ ಬೆಳೆಯುತ್ತಾರೆ, ಆದ್ದರಿಂದ ಜೂನ್ ತಿಂಗಳ ಮಳೆ ಅವರಿಗೆ ಪಠ್ಯದ ಉದಾಹರಣೆಯಲ್ಲ. "ಮೊದಲೆಲ್ಲ ಹೀಗಿರಲಿಲ್ಲ" ಎಂದು ಅಜ್ಜ ಹೇಳುವುದು ನಿಜವೇ ಎಂದು ಅಂಕಿಗಳಿಂದ ನೋಡುವುದು ಅವರ ಆಸೆ. ಮೂರು ದಿನ ಈ ಕೆಂಪು ಸಾಲನ್ನೇ ಕಂಡ ಮೇಲೆ ಅವರು ಎರಡು ತೀರ್ಮಾನಕ್ಕೆ ಬಂದರು. ಮೊದಲನೆಯದು, ಲ್ಯಾಬಿನ ಯಂತ್ರಗಳಿಗೆ ಹೊಸ ಮೆಮೊರಿ ಹಾಕಿಸಿಕೊಡಿ ಎಂದು ಆಡಳಿತ ಮಂಡಳಿಗೆ ಅರ್ಜಿ. ಎರಡನೆಯದನ್ನು ಒಬ್ಬ ಹುಡುಗಿ ಮೆಲ್ಲಗೆ ಹೇಳಿದಳು: "ಇದೆಲ್ಲ ದೊಡ್ಡ ಕಂಪ್ಯೂಟರ್ ಇರೋರು ಮಾಡೋ ಕೆಲಸ, ಸರ್."

ಅರ್ಜಿಗಿಂತ ಆ ಮಾತು ನನ್ನನ್ನು ಹೆಚ್ಚು ಕಾಡಿತು. ಅರ್ಜಿಯನ್ನು ಒಂದು ವಾರ ತಡೆಹಿಡಿಯಿರಿ ಎಂದೆ. ಹೊಸ ಮೆಮೊರಿ ಬೇಡವೆಂದಲ್ಲ, ಬಂದರೆ ಒಳ್ಳೆಯದೇ. ಆದರೆ ಆ ಹಣ ನಮ್ಮಲ್ಲಿ ಶುಲ್ಕ ಕಟ್ಟಲಾಗದ ಮಕ್ಕಳಿಗಾಗಿ ದಾನಿಗಳು ಕೊಡುವ ನಿಧಿಯ ಪಕ್ಕದ ಜೇಬಿನಿಂದಲೇ ಬರಬೇಕು. ಕೇಳುವ ಮೊದಲು ಲೆಕ್ಕ ಹಾಕಬೇಕು. ಅದೂ ಸಂಖ್ಯಾಶಾಸ್ತ್ರದ ಮಕ್ಕಳು!

ನಾವು ಬಳಸುವ ತಂತ್ರಾಂಶದ ಹೆಸರು ಆರ್. ಹೆಸರೇ ಒಂದಕ್ಷರ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ 1990ರ ದಶಕದ ಆರಂಭದಲ್ಲಿ ಇದನ್ನು ಕಟ್ಟಿದರು. ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ್ದ ಎಸ್ ಎಂಬ ಹಳೆಯ ಭಾಷೆಯ ದಾರಿಯಲ್ಲಿ ನಡೆದದ್ದು ಇದು. 1.0.0 ಆವೃತ್ತಿ ಹೊರಬಂದದ್ದು 2000ದ ಫೆಬ್ರವರಿ 29ರಂದು. ಸಂಪೂರ್ಣ ಉಚಿತ. ಬಡ ಲ್ಯಾಬಿಗೂ ಶ್ರೀಮಂತ ವಿಶ್ವವಿದ್ಯಾಲಯಕ್ಕೂ ಒಂದೇ ಆರ್. ಅದರ ಒಂದು ಸ್ವಭಾವ ಮಾತ್ರ ನೆನಪಿರಬೇಕು: ನೀವು ಓದಿಸಿದ್ದನ್ನೆಲ್ಲ ಅದು ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಡಿಸ್ಕಿನಲ್ಲಿ ಎಷ್ಟೇ ಜಾಗ ಇರಲಿ, ಕೆಲಸ ನಡೆಯುವುದು ರ್‍ಯಾಮ್ ಎಂಬ ಮೇಜಿನ ಮೇಲೆ. ನಮ್ಮ ಲ್ಯಾಬಿನ ಮೇಜು 4 ಜಿಬಿಯದ್ದು. ಅದರಲ್ಲಿ ಒಂದೂವರೆ, ಎರಡು ಜಿಬಿಯನ್ನು ವಿಂಡೋಸ್ ಮೊದಲೇ ಹಿಡಿದುಕೊಂಡಿರುತ್ತದೆ.

ಇನ್ನು ಮಳೆಯ ಅಂಕಿಗಳು. ಭಾರತೀಯ ಹವಾಮಾನ ಇಲಾಖೆಯ ಪುಣೆ ಕಚೇರಿ 1901ರಿಂದ ಈಚೆಗಿನ ದಿನದಿನದ ಮಳೆಯನ್ನು ವರ್ಷಕ್ಕೊಂದು ಫೈಲಿನಂತೆ ಕೊಡುತ್ತದೆ. ಇಡೀ ದೇಶದ ಮೇಲೆ ಒಂದು ಚೌಕುಳಿ ಜಾಲ ಹಾಸಿದಂತೆ ಅದರ ರಚನೆ. ಉತ್ತರ ಅಕ್ಷಾಂಶ 6.5 ಡಿಗ್ರಿಯಿಂದ 38.5ರವರೆಗೆ, ಪೂರ್ವ ರೇಖಾಂಶ 66.5ರಿಂದ 100ರವರೆಗೆ ಪ್ರತಿ ಕಾಲು ಡಿಗ್ರಿಗೆ ಒಂದು ಬಿಂದು. ಕಾಲು ಡಿಗ್ರಿ ಎಂದರೆ ದಕ್ಷಿಣೋತ್ತರವಾಗಿ ಸುಮಾರು 28 ಕಿಲೋಮೀಟರ್. ಲೆಕ್ಕ ಹಾಕಿದರೆ 129 ಅಡ್ಡಸಾಲು, ಪ್ರತಿ ಸಾಲಿನಲ್ಲಿ 135 ಬಿಂದು, ಒಟ್ಟು 17,415. ಪ್ರತಿ ಬಿಂದುವಿಗೂ ಪ್ರತಿ ದಿನಕ್ಕೂ ಒಂದು ಸಂಖ್ಯೆ, ಮಿಲಿಮೀಟರಿನಲ್ಲಿ. ಇವು ಮಳೆಮಾಪಕ ಕೇಂದ್ರಗಳ ಅಳತೆಯಿಂದ ಲೆಕ್ಕ ಹಾಕಿ ಬಿಂದುಗಳಿಗೆ ಹಂಚಿದ ಅಂಕಿಗಳು. ನಮ್ಮ ಬಿಂದುವಿನಲ್ಲೇ ಯಾರೋ ಮಾಪಕ ಇಟ್ಟು ಕೂತಿದ್ದಾರೆಂದು ತಿಳಿಯಬಾರದು.

ಈಗ ಪೆನ್ನು ಹಿಡಿಯೋಣ. 1901ರಿಂದ 2000ದವರೆಗೆ ಅಧಿಕ ವರ್ಷಗಳು 25, ದಿನಗಳು ಒಟ್ಟು 36,525. ಅದನ್ನು 17,415ರಿಂದ ಗುಣಿಸಿದರೆ 63,60,82,875 ಸಂಖ್ಯೆಗಳು. ಇಲಾಖೆಯ ಫೈಲಿನಲ್ಲಿ ಒಂದೊಂದು ಸಂಖ್ಯೆಗೂ 4 ಬೈಟ್ ಜಾಗ. ನೂರು ಫೈಲು ಸೇರಿ ಸುಮಾರು 254 ಕೋಟಿ ಬೈಟ್, ಅಂದರೆ ಎರಡೂವರೆ ಜಿಬಿಯ ಆಸುಪಾಸು. ಮಕ್ಕಳು ಫೋಲ್ಡರಿನ ಗಾತ್ರ ನೋಡಿ, "ಎರಡೂವರೆ ಜಿಬಿ ಫೈಲು, ನಾಲ್ಕು ಜಿಬಿ ಯಂತ್ರ, ಹೇಗಾದರೂ ಹಿಡಿಸುತ್ತೆ" ಎಂದುಕೊಂಡಿದ್ದರು. ಇಲ್ಲೇ ಮೊದಲ ಮೋಸ. ಆರ್‌ನಲ್ಲಿ 4 ಬೈಟಿನ ದಶಮಾಂಶ ಸಂಖ್ಯೆ ಎಂಬುದೇ ಇಲ್ಲ. ದಶಮಾಂಶವೆಂದರೆ ಅದಕ್ಕೆ 8 ಬೈಟ್, ಅಷ್ಟೆ. ಫೈಲಿನಿಂದ ಮೆಮೊರಿಗೆ ಬರುತ್ತಿದ್ದಂತೆ ಎಲ್ಲ ಸಂಖ್ಯೆಯೂ ಎರಡರಷ್ಟು ದಪ್ಪವಾಗುತ್ತದೆ. ನೂರು ವರ್ಷ ಈಗ 508 ಕೋಟಿ ಬೈಟಿಗೂ ಮಿಕ್ಕಿತು. ಕಂಪ್ಯೂಟರ್ ಜಿಬಿಯನ್ನು 1024ರ ಲೆಕ್ಕದಲ್ಲಿ ಎಣಿಸುವುದರಿಂದ ಆರ್ ಅದನ್ನು 4.7 ಜಿಬಿ ಎಂದು ತೋರಿಸುತ್ತದೆ. ನಾಲ್ಕು ಜಿಬಿಯ ಮೇಜಿನ ಮೇಲೆ 4.7 ಜಿಬಿಯ ಚಾಪೆ ಹಾಸಲಾಗದು. ಇದನ್ನು ತಿಳಿಯಲು ಯಂತ್ರ ಚಾಲೂ ಮಾಡಬೇಕಾಗಿಯೇ ಇಲ್ಲ.

ಹಾಗಾದರೆ ಕೆಂಪು ಸಾಲಿನಲ್ಲಿ 4.7 ಎಂದು ಏಕೆ ಬರಲಿಲ್ಲ, 1.2 ಎಂದೇಕೆ ಬಂತು? ಈ ಪ್ರಶ್ನೆ ಕೇಳಿದ ಹುಡುಗನಿಗೆ ನಾನು ಮನಸ್ಸಿನಲ್ಲೇ ಪೂರ್ಣಾಂಕ ಕೊಟ್ಟೆ. ನಾಲ್ಕು ಜಿಬಿ ಇರುವಾಗ 1.2 ಕೊಡಲು ಆಗುವುದಿಲ್ಲವೆಂದರೆ ಯಂತ್ರ ಸುಳ್ಳು ಹೇಳುತ್ತಿದೆ ಎಂಬುದು ಅವನ ವಾದ. ಯಂತ್ರ ಸುಳ್ಳು ಹೇಳುತ್ತಿಲ್ಲ, ಆದರೆ ಪೂರ್ತಿ ಕಥೆಯನ್ನೂ ಹೇಳುತ್ತಿಲ್ಲ. ಆ ಸಾಲಿನಲ್ಲಿರುವುದು ಕೊನೆಯ ಬೇಡಿಕೆಯ ಗಾತ್ರ ಮಾತ್ರ. ಅದಕ್ಕೂ ಮೊದಲು ಎಷ್ಟು ಕೊಟ್ಟಾಗಿದೆ ಎಂಬುದು ಅಲ್ಲಿಲ್ಲ. ಅಂಗಡಿಯವನು "ಇನ್ನು ಐವತ್ತು ರೂಪಾಯಿಯ ಸಾಮಾನು ಉದ್ರಿ ಕೊಡೋದಿಲ್ಲ" ಎಂದರೆ ನಿಮ್ಮ ಸಾಲ ಐವತ್ತು ರೂಪಾಯಿ ಎಂದರ್ಥವೇ? ಪುಸ್ತಕದಲ್ಲಿ ಹಳೆಯ ಬಾಕಿ ಎಷ್ಟಿದೆ ನೋಡಬೇಕು.

ಆ ಪುಸ್ತಕವನ್ನು ತೆರೆದೆವು. ಮಕ್ಕಳು ಬರೆದಿದ್ದ ಪ್ರೋಗ್ರಾಂ ಸರಳ: ಖಾಲಿ ಪಟ್ಟಿ ಒಂದನ್ನು ಇಟ್ಟುಕೊಂಡು, 1901ರ ಫೈಲು ಓದಿ ಅದಕ್ಕೆ ಸೇರಿಸು, 1902ರದ್ದು ಓದಿ ಸೇರಿಸು, ಹೀಗೆ ಮುಂದೆ. ಸೇರಿಸಲು ಆರ್‌ನ ಸಿ ಎಂಬ ಫಂಕ್ಷನ್. ಕನ್ನಡದಲ್ಲಿ ಹೇಳುವಾಗ "ಸೇರಿಸು" ಎಂಬ ಪದ ನಿರುಪದ್ರವಿ. ಆದರೆ ಆರ್‌ನ ವೆಕ್ಟರಿನ ಬಾಲಕ್ಕೆ ಹೀಗೆ ಅಂಟಿಸಲು ಬರುವುದಿಲ್ಲ. ವೆಕ್ಟರ್ ಎಂದರೆ ಮೆಮೊರಿಯಲ್ಲಿ ಎಡೆಬಿಡದೆ ಒಂದರ ಪಕ್ಕ ಒಂದು ಕುಳಿತ ಸಾಲು. ನಮಾಜಿನ ಸಫ್ ಇದ್ದ ಹಾಗೆ, ನಡುವೆ ಸಂದು ಇರಕೂಡದು. ಜುಮಾದ ದಿನ ಕೊನೆಗೆ ಬಂದ ಹತ್ತು ಜನ ಒಟ್ಟಿಗೇ ನಿಲ್ಲಬೇಕೆಂದರೆ ಹತ್ತು ಜನರ ಜಾಗ ಒಂದೇ ಕಡೆ ಖಾಲಿ ಇರಬೇಕು, ಅಲ್ಲೊಂದು ಇಲ್ಲೊಂದು ಇದ್ದರೆ ಉಪಯೋಗವಿಲ್ಲ. ಆದ್ದರಿಂದ ಆರ್ ಪ್ರತಿ ಸಲವೂ ಹಳೆಯದೂ ಹೊಸದೂ ಸೇರಿ ಹಿಡಿಯುವಷ್ಟು ದೊಡ್ಡ ಹೊಸ ಜಾಗ ಹುಡುಕಿ, ಎಲ್ಲವನ್ನೂ ಅಲ್ಲಿಗೆ ನಕಲು ಮಾಡಿ, ಆಮೇಲಷ್ಟೇ ಹಳೆಯದನ್ನು ಬಿಡುತ್ತದೆ. ನಕಲು ಮುಗಿಯುವವರೆಗೆ ಎರಡೂ ಮೆಮೊರಿಯಲ್ಲಿರುತ್ತವೆ.

1925ನೆಯ ವರ್ಷಕ್ಕೆ ಬಂದಾಗ ಏನಾಗುತ್ತದೆ ನೋಡಿ. 1901ರಿಂದ 1924ರವರೆಗಿನ ಹಳೆಯ ಸಾಲು 122 ಕೋಟಿ ಬೈಟ್. ಆಗತಾನೆ ಓದಿದ 1925ರದ್ದು ಸುಮಾರು 5 ಕೋಟಿ. ಎರಡನ್ನೂ ಕೂಡಿಸಿ ಇಡಲು ಹೊಸ ಜಾಗ 127 ಕೋಟಿ. ಈ ಕೊನೆಯದೇ ಕೆಂಪು ಸಾಲಿನ 1.2 ಜಿಬಿ! ಒಟ್ಟು 254 ಕೋಟಿ ಬೈಟ್ ಬೇಕು, ವಿಂಡೋಸ್ ಬಿಟ್ಟುಕೊಟ್ಟದ್ದು ಅಷ್ಟಿರಲಿಲ್ಲ. ಆ ಯಂತ್ರದಲ್ಲಿ ಅದು ಆ ದಿನ 1925ಕ್ಕೆ ನಿಂತಿತು. ಪಕ್ಕದ ಯಂತ್ರದಲ್ಲಿ ಬ್ರೌಸರಿನಲ್ಲಿ ಹತ್ತು ಪುಟ ತೆರೆದಿದ್ದರಿಂದ ಇನ್ನೂ ಮೊದಲೇ ನಿಂತಿತು. ಮಕ್ಕಳು ಇದನ್ನು "1925ರ ಫೈಲು ಕೆಟ್ಟಿದೆ" ಎಂದು ಓದಿಕೊಂಡು ಆ ಫೈಲನ್ನು ಎರಡು ಸಲ ಮತ್ತೆ ಇಳಿಸಿಕೊಂಡಿದ್ದರು, ಪಾಪ.

ನಿಲ್ಲುವ ಮೊದಲು ಯಂತ್ರ ತೆವಳುತ್ತಿತ್ತು ಎಂಬುದೂ ಗಮನಿಸಬೇಕಾದ ಲಕ್ಷಣ. ರ್‍ಯಾಮ್ ತುಂಬುತ್ತ ಬಂದಾಗ ವಿಂಡೋಸ್ ಡಿಸ್ಕಿನ ಒಂದು ಭಾಗವನ್ನೇ ಮೆಮೊರಿಯಂತೆ ಬಳಸತೊಡಗುತ್ತದೆ, ಮತ್ತು ಡಿಸ್ಕು ರ್‍ಯಾಮ್‌ಗಿಂತ ಬಹಳ ನಿಧಾನ. ಜೊಹರ್ ನಮಾಜಿಗೆ ಹೋಗುವ ಮುನ್ನ ಓಡಿಸಿಟ್ಟ ಪ್ರೋಗ್ರಾಂ ನಾವು ಬಂದು ಊಟ ಮುಗಿಸಿದರೂ ಅಲ್ಲೇ ಇದ್ದುದಕ್ಕೆ ಇದೇ ಕಾರಣ. ಮೆಮೊರಿ ಸಾಕಷ್ಟಿದ್ದರೂ ಈ ವಿಧಾನ ಕೆಟ್ಟದ್ದೇ. ಒಂದು ವರ್ಷದ್ದನ್ನು ಒಮ್ಮೆ, ಎರಡು ವರ್ಷದ್ದನ್ನು ಮತ್ತೊಮ್ಮೆ, ಮೂರು ವರ್ಷದ್ದನ್ನು ಮಗದೊಮ್ಮೆ ಬರೆಯುತ್ತ ನೂರಕ್ಕೆ ಬರುವಷ್ಟರಲ್ಲಿ 5,050 ವರ್ಷಗಳಷ್ಟು ಅಂಕಿಯನ್ನು ನಕಲು ಮಾಡಿರುತ್ತೇವೆ. ಒಂದರಿಂದ ನೂರರವರೆಗಿನ ಮೊತ್ತ, ನೀವೆಲ್ಲ ಬಲ್ಲ ಸೂತ್ರ. ಬೈಟುಗಳಲ್ಲಿ ಸುಮಾರು 25,700 ಕೋಟಿ. ಹೊಸ ಮೆಮೊರಿ ಹಾಕಿಸಿದ್ದರೂ ಈ ದುಂದು ತಪ್ಪುತ್ತಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ: ನಮಗೆ ಬೇಕಿರುವುದು ಎಷ್ಟು? ಈ 17,415 ಬಿಂದುಗಳಲ್ಲಿ ಅರಬ್ಬೀ ಸಮುದ್ರದ ಬಿಂದುಗಳಿವೆ, ಬಂಗಾಳ ಕೊಲ್ಲಿಯವಿವೆ, ಟಿಬೆಟಿನವಿವೆ. ಅಲ್ಲಿ ಅಳತೆ ಇಲ್ಲದ್ದರಿಂದ ಋಣ 999 ಎಂದು ಬರೆದಿರುತ್ತಾರೆ. "ಇಲ್ಲಿ ಏನೂ ಇಲ್ಲ" ಎನ್ನುವುದಕ್ಕೂ ಆರ್ ಶ್ರದ್ಧೆಯಿಂದ 8 ಬೈಟ್ ಎತ್ತಿಡುತ್ತದೆ. ನಮ್ಮ ಗುಂಪಿಗೆ ಬೇಕಿದ್ದದ್ದು ಕಲಬುರಗಿ ಒಂದೇ. ನಗರ ಇರುವುದು ಸುಮಾರು 17.33 ಉತ್ತರ, 76.83 ಪೂರ್ವದಲ್ಲಿ. ಹತ್ತಿರದ ಬಿಂದು 17.25 ಉತ್ತರ, 76.75 ಪೂರ್ವ. ಫೈಲಿನಲ್ಲಿ ಬಿಂದುಗಳು ನೈಋತ್ಯ ಮೂಲೆಯಿಂದ ಶುರುವಾಗಿ, ಒಂದು ಅಡ್ಡಸಾಲು ಪಶ್ಚಿಮದಿಂದ ಪೂರ್ವಕ್ಕೆ ಮುಗಿದ ಮೇಲೆ ಅದರ ಉತ್ತರದ ಸಾಲು ಬರುತ್ತದೆ. ನಮ್ಮದು 44ನೆಯ ಸಾಲಿನ 42ನೆಯ ಬಿಂದು. ಅದಕ್ಕೂ ಹಿಂದೆ 43 ಪೂರ್ಣ ಸಾಲು, ಅಂದರೆ 5,805 ಬಿಂದು. 42 ಕೂಡಿಸಿದರೆ 5,847. ಪ್ರತಿ ದಿನದ 17,415 ಸಂಖ್ಯೆಗಳಲ್ಲಿ 5,847ನೆಯದೇ ಕಲಬುರಗಿ.

ಈಗ ನೂರು ವರ್ಷದ ಕಲಬುರಗಿಯ ತೂಕ ಎಷ್ಟು? 36,525 ದಿನ, ದಿನಕ್ಕೆ 8 ಬೈಟ್: 2,92,200. ಮೂರು ಲಕ್ಷ ಬೈಟ್ ಕೂಡ ಇಲ್ಲ. ನಿಮ್ಮ ಫೋನಿನ ಕ್ಯಾಮೆರಾದಲ್ಲಿ ತೆಗೆದ ಒಂದು ಫೋಟೋ ಇದಕ್ಕಿಂತ ಎಷ್ಟೋ ಪಾಲು ಭಾರ. ಐನೂರು ಕೋಟಿಯ ಬೇಡಿಕೆ ಇಟ್ಟು ಮೂರು ದಿನ ಜಗಳವಾಡಿದ್ದು ಮೂರು ಲಕ್ಷದ ವಸ್ತುವಿಗಾಗಿ. ಇದನ್ನು ಬೋರ್ಡಿನ ಮೇಲೆ ಬರೆದಾಗ ತರಗತಿಯಲ್ಲಿ ಕೆಲಹೊತ್ತು ಸದ್ದೇ ಇರಲಿಲ್ಲ.

ಪ್ರೋಗ್ರಾಂ ಬದಲಾದದ್ದು ಹೀಗೆ. ಮೊದಲೇ 36,525 ಖಾಲಿ ಮನೆಗಳ ಒಂದು ವೆಕ್ಟರ್ ಮಾಡಿಟ್ಟುಕೊಂಡೆವು. ಉತ್ತರ ಎಷ್ಟು ಉದ್ದವೆಂದು ಮುಂಚೆಯೇ ಗೊತ್ತಿದ್ದಾಗ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಬೆಳೆಸುವ ಮಾತೇ ಬರುವುದಿಲ್ಲ. ಆಮೇಲೆ ರೀಡ್‌ಬಿನ್ ಫಂಕ್ಷನ್ನಿಗೆ "ಸಂಖ್ಯೆಗಳ ಗಾತ್ರ 4 ಬೈಟ್" ಎಂದು ಹೇಳಿ ಒಂದು ವರ್ಷವನ್ನು ಓದಿಸು. 5,847ನೆಯ ಸಂಖ್ಯೆಯಿಂದ ಶುರುಮಾಡಿ ಪ್ರತಿ 17,415ಕ್ಕೆ ಒಂದರಂತೆ ಎತ್ತಿಕೋ. 365 ಅಥವಾ 366 ಸಂಖ್ಯೆ ಸಿಗುತ್ತದೆ. ಅವನ್ನು ಖಾಲಿ ಮನೆಗಳಲ್ಲಿ ಅವುಗಳ ಜಾಗಕ್ಕೆ ತುಂಬು. ಮುಂದಿನ ವರ್ಷವನ್ನು ಅದೇ ಹೆಸರಿಗೆ ಓದಿಸು. ಹಾಗೆ ಮಾಡಿದಾಗ ಹಳೆಯ ವರ್ಷದ ಮೇಲೆ ಯಾವ ಹೆಸರೂ ಉಳಿಯುವುದಿಲ್ಲ, ಆರ್ ತಾನಾಗಿ ಆ ಜಾಗವನ್ನು ಗುಡಿಸಿಕೊಳ್ಳುತ್ತದೆ.

ಓಡಿಸುವ ಮೊದಲು ಜಿಸಿ ಎಂಬ ಫಂಕ್ಷನ್ನನ್ನು ರೀಸೆಟ್ ಎಂಬ ಆಯ್ಕೆಯೊಂದಿಗೆ ಕರೆದು, ಮುಗಿದ ಮೇಲೆ ಮತ್ತೆ ಕರೆದರೆ "ಮ್ಯಾಕ್ಸ್ ಯೂಸ್ಡ್" ಎಂಬ ಅಂಕಣದಲ್ಲಿ ನಡುವೆ ಮೆಮೊರಿ ಎಲ್ಲಿಯವರೆಗೆ ಏರಿತ್ತು ಎಂಬುದು ಕಾಣುತ್ತದೆ. ವೈದ್ಯರು ಜ್ವರದ ಪಟ್ಟಿ ನೋಡುವ ಹಾಗೆ ನಾನು ಮೊದಲು ನೋಡುವುದು ಅದನ್ನೇ. ನಮ್ಮದು 200 ಎಂಬಿಯನ್ನೂ ಮುಟ್ಟಲಿಲ್ಲ. ಒಂದು ವರ್ಷ 51 ಎಂಬಿಯಾದರೆ ನೂರರ ಮೇಲೆ ಏಕೆ ಹೋಯಿತು ಎಂದು ಒಬ್ಬರು ಕೇಳಿದರು. ಹೊಸ ವರ್ಷ ಓದಿ ಮುಗಿಯುವವರೆಗೆ ಹಳೆಯ ವರ್ಷಕ್ಕೆ ಇನ್ನೂ ಹೆಸರು ಇರುತ್ತದೆ, ಎರಡೂ ಒಟ್ಟಿಗೆ ಇರುವ ಗಳಿಗೆ ಅದು.

ಹೆಸರಿನ ಈ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜಿಸಿ ಬಗ್ಗೆ ಮಕ್ಕಳಲ್ಲಿ ಒಂದು ರೀತಿಯ ಮೂಢನಂಬಿಕೆ ಇದೆ. ಏನೇ ತೊಂದರೆಯಾದರೂ ಜಿಸಿ ಒತ್ತುವುದು, ತಾಯತ ಕಟ್ಟಿದ ಹಾಗೆ! ಆರ್ ತನಗೆ ಜಾಗ ಬೇಕಾದಾಗ ಆ ಕಸ ಗುಡಿಸುವ ಕೆಲಸವನ್ನು ತಾನೇ ಮಾಡುತ್ತದೆ, ನಾವು ಹೇಳಬೇಕಿಲ್ಲ. ಯಾವುದು ಕಸ ಎಂಬುದಕ್ಕೆ ಅದರ ನಿಯಮ ಒಂದೇ: ಯಾವ ಹೆಸರೂ ತೋರಿಸದ ವಸ್ತು ಕಸ. ಹೆಸರು ಇರುವವರೆಗೆ ನೂರು ಸಲ ಜಿಸಿ ಕರೆದರೂ ಅದು ಮುಟ್ಟುವುದಿಲ್ಲ. ಹೆಸರು ಅಳಿಸುವುದು ಆರ್‌ಎಮ್ ಎಂಬ ಫಂಕ್ಷನ್. ಎಲ್‌ಎಸ್ ಎಂದು ಬರೆದು ಈಗ ಇರುವ ಹೆಸರುಗಳನ್ನು ನೋಡಿ, ಆಬ್ಜೆಕ್ಟ್ ಡಾಟ್ ಸೈಜ್ ಎಂದು ಒಂದೊಂದರ ತೂಕ ನೋಡಿ, ಬೇಡದ್ದನ್ನು ಆರ್‌ಎಮ್ ಮಾಡಿ. ಒಂದೇ ವಸ್ತುವಿಗೆ ಎರಡು ಹೆಸರಿದ್ದರೆ ಒಂದನ್ನು ಅಳಿಸಿದರೆ ಏನೂ ಬಿಡುಗಡೆಯಾಗದು ಎಂಬುದನ್ನೂ ನೆನಪಿಡಿ.

ಎರಡು ಹೆಸರಿನ ವಿಷಯದಲ್ಲಿ ಆರ್ ಜಾಣತನ ಮಾಡುತ್ತದೆ. ಎ ಎಂಬ ವೆಕ್ಟರನ್ನು ಬಿ ಎಂಬ ಹೆಸರಿಗೂ ಕೊಟ್ಟರೆ ತಕ್ಷಣ ನಕಲು ಆಗುವುದಿಲ್ಲ, ಒಂದೇ ಮನೆಗೆ ಎರಡು ಫಲಕ ಹಾಕಿದಂತೆ. ಆದರೆ ಬಿಯ ಒಂದೇ ಒಂದು ಸಂಖ್ಯೆಯನ್ನು ಬದಲಿಸಿ ನೋಡಿ, ಆಗ ಇಡೀ ಮನೆಯ ನಕಲು ತಯಾರಾಗುತ್ತದೆ. ಒಂದು ಅಂಕಿ ತಿದ್ದಿದರೆ ಮೆಮೊರಿ ಇದ್ದಕ್ಕಿದ್ದಂತೆ ಎರಡರಷ್ಟಾಗುವುದು ಇದಕ್ಕೇ. ಋಣ 999ರ ಜಾಗದಲ್ಲಿ "ಇಲ್ಲ" ಎಂದು ಗುರುತಿಸುವ ಒಂದೇ ಸಾಲಿನ ಆದೇಶದಲ್ಲೂ ಇಂಥ ಗುಪ್ತ ಖರ್ಚಿದೆ. "ಇದು ಋಣ 999 ಹೌದೇ?" ಎಂದು ಪ್ರತಿ ಸಂಖ್ಯೆಯನ್ನೂ ಕೇಳಿ ಹೌದು-ಅಲ್ಲ ಉತ್ತರಗಳ ಅಷ್ಟೇ ಉದ್ದದ ಇನ್ನೊಂದು ವೆಕ್ಟರ್ ಹುಟ್ಟುತ್ತದೆ. ಹೌದು ಅಥವಾ ಅಲ್ಲ ಎನ್ನಲು ಆರ್ 4 ಬೈಟ್ ಖರ್ಚು ಮಾಡುತ್ತದೆ. ನೂರು ವರ್ಷದ ಇಡೀ ದೇಶದ ಮೇಲೆ ಈ ಆದೇಶ ಕೊಟ್ಟಿದ್ದರೆ ಬರೀ ಆ ಉತ್ತರಗಳಿಗೇ 254 ಕೋಟಿ ಬೈಟ್. ನಾವು ಕೊಟ್ಟದ್ದು ಒಂದು ವರ್ಷದ 365 ಸಂಖ್ಯೆಗಳ ಮೇಲೆ, 1,460 ಬೈಟಿನಲ್ಲಿ ಮುಗಿಯಿತು. ಯಾವುದೇ ದೊಡ್ಡ ವಸ್ತುವಿನ ಮೇಲೆ ಕೆಲಸ ಮಾಡುವ ಮುನ್ನ ಅದರ ಮೂರರಷ್ಟು ಜಾಗ ಖಾಲಿ ಇದೆಯೇ ನೋಡಿ ಎಂದು ನಾನು ಹೇಳುವುದು ಈ ಗುಪ್ತ ನಕಲುಗಳ ಲೆಕ್ಕ ಹಿಡಿದು.

ಸಿಎಸ್‌ವಿ ಫೈಲು ಓದುವವರಿಗೆ ಒಂದು ಮಾತು. ರೀಡ್ ಡಾಟ್ ಸಿಎಸ್‌ವಿಗೆ ಪ್ರತಿ ಅಂಕಣ ಯಾವ ಜಾತಿಯದೆಂದು ಕೋಲ್‌ಕ್ಲಾಸಸ್ ಆಯ್ಕೆಯಲ್ಲಿ ಮೊದಲೇ ಹೇಳಿಬಿಡಿ, ಬೇಡದ ಅಂಕಣಕ್ಕೆ ನಲ್ ಎಂದು ಕೊಟ್ಟರೆ ಅದನ್ನು ಓದದೆ ಬಿಡುತ್ತದೆ. ಡೇಟಾ ಡಾಟ್ ಟೇಬಲ್ ಪ್ಯಾಕೇಜಿನ ಎಫ್‌ರೀಡ್ ಇನ್ನೂ ಚುರುಕು.

ಮಕ್ಕಳಿಗೆ ಒಬ್ಬ ಹಿರಿಯರು ಮೆಮೊರಿ ಡಾಟ್ ಲಿಮಿಟ್ ಎಂಬ ಆದೇಶದಿಂದ ಮಿತಿ ಹೆಚ್ಚಿಸಿಕೊಳ್ಳಿ ಎಂದು ಸಲಹೆ ಕೊಟ್ಟಿದ್ದರಂತೆ. ಅದು ವಿಂಡೋಸ್‌ಗೆ ಮಾತ್ರ ಇದ್ದ ಆದೇಶ. 2022ರಲ್ಲಿ ಬಂದ 4.2.0 ಆವೃತ್ತಿಯಿಂದ ಅದು ಹೆಸರಿಗಷ್ಟೇ ಉಳಿದಿದೆ, ಕೆಲಸ ಮಾಡುವುದಿಲ್ಲ. ಅದೇ ಆವೃತ್ತಿಯಿಂದ ವಿಂಡೋಸ್‌ನಲ್ಲಿ 32 ಬಿಟ್‌ನ ಆರ್ ಕೂಡ ನಿಂತಿತು. ಮನೆಯಲ್ಲಿ ಹಳೆಯ 32 ಬಿಟ್ ವಿಂಡೋಸ್ ಇದ್ದವರು ಗಮನಿಸಿ: ಅಲ್ಲಿ ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ 2 ಜಿಬಿಯಷ್ಟೇ ವಿಳಾಸಗಳು. ನೀವು ಎಷ್ಟು ಮೆಮೊರಿ ಚುಚ್ಚಿದರೂ ಆರ್‌ಗೆ ಅದು ಕಾಣುವುದಿಲ್ಲ. "ಮೆಮೊರಿ ಕ್ಲೀನರ್" ಎಂದು ಹೇಳಿಕೊಳ್ಳುವ ತಂತ್ರಾಂಶಗಳನ್ನಂತೂ ದಯವಿಟ್ಟು ಲ್ಯಾಬಿನಲ್ಲಿ ಹಾಕಬೇಡಿ.

ಮಳೆಯ ಗುಂಪು ಗೆದ್ದ ಹುಮ್ಮಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಹಿಡಿದು ಬಂತು: ಎಲ್ಲ ಬಿಂದುಗಳ ವಾರ್ಷಿಕ ಮಳೆ ತೆಗೆದು, ಯಾವ ಊರಿನ ಮಳೆ ಯಾವ ಊರಿನ ಮಳೆಯೊಂದಿಗೆ ಏರಿಳಿಯುತ್ತದೆ ಎಂದು ಸಹಸಂಬಂಧ ಗುಣಾಂಕ ನೋಡಬಹುದಲ್ಲ? ನೂರು ವರ್ಷ, 17,415 ಬಿಂದು, ಒಟ್ಟು 17,41,500 ಸಂಖ್ಯೆ. ಈ ಸಲ ಅವರೇ ಮೊದಲು ಲೆಕ್ಕ ಹಾಕಿದ್ದರು, 14 ಎಂಬಿಯೂ ಆಗುವುದಿಲ್ಲ ಎಂದು. ಓಡಿಸಿದರೆ ಮತ್ತೆ ಕೆಂಪು ಸಾಲು, 2.3 ಜಿಬಿ ಬೇಕಂತೆ. ಅವರು ಒಳಗೆ ಹೋಗುವುದನ್ನು ತೂಗಿದ್ದರು, ಹೊರಗೆ ಬರುವುದನ್ನು ತೂಗಿರಲಿಲ್ಲ. ಪ್ರತಿ ಬಿಂದುವಿಗೂ ಪ್ರತಿ ಬಿಂದುವಿನೊಂದಿಗೆ ಒಂದು ಗುಣಾಂಕ, ಅಂದರೆ 17,415ರ ವರ್ಗ. 30 ಕೋಟಿಗೂ ಹೆಚ್ಚು ಸಂಖ್ಯೆ, 242 ಕೋಟಿ ಬೈಟ್. ಅದರಲ್ಲಿ ಸಮುದ್ರದೊಂದಿಗೆ ಸಮುದ್ರದ ಸಹಸಂಬಂಧವೂ ಸೇರಿದೆ!

ಮೊದಲಿನದಕ್ಕಿಂತ ಇದು ಬೇರೆ ಜಾತಿಯ ತೊಂದರೆ. ಅಂಕಿ ಎರಡರಷ್ಟಾದರೆ ಫಲಿತಾಂಶ ನಾಲ್ಕರಷ್ಟಾಗುತ್ತದೆ, ಹತ್ತರಷ್ಟಾದರೆ ನೂರರಷ್ಟು. ಬಿಂದುಗಳ ನಡುವಿನ ದೂರ ಲೆಕ್ಕ ಹಾಕುವ ಡಿಸ್ಟ್ ಫಂಕ್ಷನ್ ಅರ್ಧ ಕೋಷ್ಟಕವನ್ನಷ್ಟೇ ಇಡುತ್ತದಾದರೂ ಅದೂ ಇದೇ ದಾರಿಯದು. ಇಲ್ಲಿ ಮೆಮೊರಿ ಕೊಂಡು ಗೆಲ್ಲಲು ಸಾಧ್ಯವಿಲ್ಲ, ಪ್ರಶ್ನೆಯನ್ನು ಚಿಕ್ಕದು ಮಾಡಬೇಕು. ಕರ್ನಾಟಕ ಸಾಕೇ ಎಂದು ಕೇಳಿದೆ. ನಮ್ಮ ರಾಜ್ಯ 11.5ರಿಂದ 18.5 ಉತ್ತರ, 74ರಿಂದ 78.5 ಪೂರ್ವದ ಚೌಕದಲ್ಲಿ ಹಿಡಿಸುತ್ತದೆ. 29 ಸಾಲು, ಸಾಲಿಗೆ 19 ಬಿಂದು, ಒಟ್ಟು 551. ವರ್ಗ ಮಾಡಿ ಎಂಟರಿಂದ ಗುಣಿಸಿದರೆ 24,28,808 ಬೈಟ್. ಬಿಂದುಗಳು ಮೂವತ್ತೆರಡರಲ್ಲಿ ಒಂದು ಪಾಲಿನಷ್ಟಾದವು, ಮೆಮೊರಿ ಸಾವಿರದಲ್ಲಿ ಒಂದು ಪಾಲಾಯಿತು. ಎರಡು ಜಿಬಿಯ ಮೇಲಿದ್ದದ್ದು ಎರಡೂವರೆ ಎಂಬಿಗೆ ಇಳಿದದ್ದನ್ನು ಆ ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ ಮತ್ತೊಮ್ಮೆ ಕೈಯಿಂದ ಗುಣಿಸಿ ನೋಡಿದಳು.

ಇನ್ನುಳಿದದ್ದು ಲ್ಯಾಬಿಗೆ ಮಾತ್ರ ಸಂಬಂಧಿಸಿದ ವಿಷಯ. ಆರ್ ಮುಚ್ಚುವಾಗ "ವರ್ಕ್‌ಸ್ಪೇಸ್ ಉಳಿಸಬೇಕೆ?" ಎಂದು ಕೇಳುತ್ತದೆ. ವಿನಯವಂತ ಮಕ್ಕಳು ಹೌದು ಎನ್ನುತ್ತಾರೆ. ಆಗ ಮೆಮೊರಿಯಲ್ಲಿ ನೀವು ಹೆಸರಿಟ್ಟಿದ್ದೆಲ್ಲ ಚುಕ್ಕಿಯಿಂದ ಶುರುವಾಗುವ ಆರ್‌ಡೇಟಾ ಎಂಬ ಫೈಲಿಗೆ ಹೋಗುತ್ತದೆ. ಮರುದಿನ ಅದೇ ಫೋಲ್ಡರಿನಲ್ಲಿ ಆರ್ ತೆರೆದವರು ಯಾರೇ ಆಗಿರಲಿ, ಅಷ್ಟೂ ಹೊರೆ ಅವರ ತಲೆಯ ಮೇಲೆ ಬೀಳುತ್ತದೆ. ಪ್ರಥಮ ಪಿಯುಸಿಯ ಹುಡುಗನೊಬ್ಬ ಹತ್ತು ಸಂಖ್ಯೆಗಳ ಸರಾಸರಿ ತೆಗೆಯಲು ಕುಳಿತು, ಯಂತ್ರ ಉಸಿರು ಕಟ್ಟಿದ್ದನ್ನು ಕಂಡು ಹೆದರಿ ಎದ್ದು ಹೋಗಿದ್ದು ಹೀಗೆ. ಹಿಂದಿನ ದಿನದ ಇಪ್ಪತ್ತು ವರ್ಷದ ಮಳೆ ಅವನಿಗೆ ತಿಳಿಯದಂತೆ ಅವನ ಜೊತೆ ಕುಳಿತಿತ್ತು. ಆರ್‌ಸ್ಟುಡಿಯೋದಲ್ಲಿ ಟೂಲ್ಸ್ ಮೆನುವಿನ ಗ್ಲೋಬಲ್ ಆಪ್ಷನ್ಸ್‌ಗೆ ಹೋಗಿ, ಆರಂಭದಲ್ಲಿ ಆರ್‌ಡೇಟಾವನ್ನು ಮರಳಿ ತರುವ ಗುರುತನ್ನು ತೆಗೆದು, ಮುಚ್ಚುವಾಗ ಉಳಿಸುವ ಜಾಗದಲ್ಲಿ ನೆವರ್ ಎಂದು ಆರಿಸಿ. ಲ್ಯಾಬಿನ ಎಲ್ಲ ಯಂತ್ರಗಳಲ್ಲೂ ಹೀಗೆ ಮಾಡಿಟ್ಟಿದ್ದೇವೆ. ಉಳಿಸಬೇಕಾದ ಫಲಿತಾಂಶವನ್ನು ಸೇವ್‌ಆರ್‌ಡಿಎಸ್ ಫಂಕ್ಷನ್ನಿನಿಂದ ನಿಮ್ಮ ಹೆಸರಿನ ಫೋಲ್ಡರಿನಲ್ಲೇ ಇಡಿ. ಕಲಬುರಗಿಯ ನೂರು ವರ್ಷದ ಫೈಲು ಸಂಖ್ಯಾಶಾಸ್ತ್ರ ವಿಭಾಗದ ಪೆನ್‌ಡ್ರೈವಿನಲ್ಲಿದೆ. ತೊಗರಿಯ ಜೊತೆ ಹೋಲಿಸಿ ನೋಡಬೇಕೆನ್ನುವವರು ಬಂದು ನಕಲು ಮಾಡಿಕೊಳ್ಳಬಹುದು, ಮೂರು ಲಕ್ಷ ಬೈಟಿಗಿಂತ ಕಡಿಮೆ.